ಊಟ ಬಿಟ್ಟ ಮಗು ನಮ್ಮ ತಪಾಸಣೆಗೆ ಕಾಣಲಿ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,



ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಮಕ್ಕಳ ವೈದ್ಯೆ. ಮನೆಯಲ್ಲಿ ಅನ್ನವಿದ್ದೂ ಉಣ್ಣಲಾಗದ ಮಕ್ಕಳ ಬಗ್ಗೆ ನಿಮ್ಮ ಗಮನ ಸೆಳೆಯಲು ಈ ಪತ್ರ. ಬಡತನ ತರುವ ಹಸಿವನ್ನು ನಮ್ಮ ಇಲಾಖೆ ಬಲ್ಲದು. ಅದಕ್ಕೆಂದೇ ಶಾಲೆಯಲ್ಲಿ ಹಾಲು, ಮೊಟ್ಟೆ, ಬಾಳೆಹಣ್ಣು, ಕಬ್ಬಿಣಾಂಶದ ಮಾತ್ರೆ ಇವೆ. ಆದರೆ ಈಟಿಂಗ್ ಡಿಸಾರ್ಡರ್ ಎಂಬ ಕಾಯಿಲೆಯಿಂದ ಸೊರಗುವ ಮಗು ನಮ್ಮ ಕಣ್ಣಿಗೆ ಬೀಳುತ್ತಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶಾಲೆಗಳಲ್ಲಿ ಹುಡುಕುವ ಆರೋಗ್ಯ ಸಮಸ್ಯೆಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ.

ಇಂಥ ಮಗು ನಮ್ಮ ಬಳಿ ಬರುವ ದಾರಿ ಬಲು ಸುತ್ತಿನದು. ಪಿಯುಸಿ ಓದುವ ಹುಡುಗಿ ಶನಿವಾರ ಒಪ್ಪೊತ್ತು ಹಿಡಿಯುತ್ತಾಳೆ, ಆಮೇಲೆ ಗುರುವಾರವೂ. ಮನೆಯವರು ದೈವಭಕ್ತಿ ಎಂದು ಮೆಚ್ಚುತ್ತಾರೆ. ರಾತ್ರಿಯೂಟ ನಿಂತಾಗ ಗ್ಯಾಸ್ಟ್ರಿಕ್ ಎನ್ನುತ್ತಾಳೆ, ಹೊಟ್ಟೆ ಉಬ್ಬರ ಎನ್ನುತ್ತಾಳೆ. ಮುಟ್ಟು ನಿಲ್ಲುತ್ತದೆ. ದೃಷ್ಟಿ ತೆಗೆಸುತ್ತಾರೆ, ಹರಕೆ ಹೊರುತ್ತಾರೆ, ಎಂಡೋಸ್ಕೋಪಿ, ಥೈರಾಯ್ಡ್, ಕ್ಷಯ ಎಂದು ಪರೀಕ್ಷೆಗಳಿಗೆ ದುಡ್ಡು ಸುರಿಯುತ್ತಾರೆ. ಎಲ್ಲವೂ ನಾರ್ಮಲ್ ಬಂದ ದಿನ ಅವಳ ಮೇಲೆ ಹಠಮಾರಿ ಎಂಬ ಹಣೆಪಟ್ಟಿ ಬೀಳುತ್ತದೆ.

ವೈದ್ಯರೂ ಎಡವುವುದಕ್ಕೆ ಕಾರಣವಿದೆ. ದಪ್ಪಗಾಗುವ ಭಯವೇ ಅನೊರೆಕ್ಸಿಯಾದ, ಅಂದರೆ ಊಟ ಬಿಟ್ಟು ಸೊರಗುವ ಈ ಕಾಯಿಲೆಯ, ಮುಖ್ಯ ಗುರುತು ಎಂದು ನಾವೆಲ್ಲ ಓದಿದ್ದೇವೆ. ಆದರೆ 1995ರಲ್ಲಿ ದೆಹಲಿಯ ಏಮ್ಸ್ ವೈದ್ಯರು ವರದಿ ಮಾಡಿದ ಐವರು ಯುವತಿಯರಲ್ಲಿ ಊಟದ ನಿರಾಕರಣೆ, ವಾಂತಿ, ತೂಕ ಇಳಿಕೆ, ನಿಂತ ಮುಟ್ಟು ಇವೆಲ್ಲ ಇದ್ದವು; ತಮ್ಮ ಮೈಕಟ್ಟಿನ ಬಗ್ಗೆ ತಪ್ಪು ಕಲ್ಪನೆ ಮಾತ್ರ ಇರಲಿಲ್ಲ. ಪುಸ್ತಕದ ಗುರುತನ್ನೇ ಹುಡುಕುತ್ತ ಕೂತರೆ ಇಂಥವರು ಕೈತಪ್ಪಿಹೋಗುತ್ತಾರೆ. ಸಣಕಲು ಹುಡುಗಿಯರಿಗಷ್ಟೇ ಬರುವ ಕಾಯಿಲೆ ಎಂಬ ನಂಬಿಕೆಯೂ ಸುಳ್ಳು. ಜಿಮ್ಮಿಗೆ ಹೋಗುವ ಹುಡುಗನಿಗೂ ಬರುತ್ತದೆ. ಬುಲಿಮಿಯಾ ಇರುವವರು ಮಿತಿಮೀರಿ ತಿಂದು ಗುಟ್ಟಾಗಿ ಕಕ್ಕಿಬಿಡುತ್ತಾರೆ, ತೂಕ ನೋಡಿದರೆ ಸರಿಯಾಗಿಯೇ ಇರುತ್ತದೆ. ಹಲ್ಲಿನ ಎನಾಮಲ್ ಸವೆದದ್ದನ್ನು ಮೊದಲು ದಂತವೈದ್ಯರು ಕಂಡದ್ದುಂಟು.

ಹಠ ಎಂಬ ಮಾತು ನನ್ನನ್ನು ಬಹಳ ನೋಯಿಸುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಯುವಕರಿಗೆ, ಅವರ ಒಪ್ಪಿಗೆ ಪಡೆದೇ, ಆರು ತಿಂಗಳ ಕಾಲ ಅರೆಹೊಟ್ಟೆ ಊಟ ಕೊಟ್ಟರು. ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿದ್ದವರನ್ನೇ ಆರಿಸಿದ್ದರು. ತೂಕದ ಕಾಲು ಭಾಗ ಇಳಿಯುವ ಹೊತ್ತಿಗೆ ಆ ಯುವಕರು ಅಡುಗೆ ಪುಸ್ತಕಗಳನ್ನು ಓದುತ್ತ ಕೂರುತ್ತಿದ್ದರು, ತಟ್ಟೆಯಲ್ಲಿದ್ದುದನ್ನು ಚೂರುಚೂರು ಮಾಡಿ ಗಂಟೆಗಟ್ಟಲೆ ತಿನ್ನುತ್ತಿದ್ದರು, ಸಿಡುಕುತ್ತಿದ್ದರು, ಮಂಕಾಗಿದ್ದರು. ಉಪವಾಸವೇ ಮನಸ್ಸನ್ನು ಹೀಗೆ ಬಿಗಿಯುತ್ತದೆ. ಈ ಕಾಯಿಲೆ ಬರುವುದರಲ್ಲಿ ಆನುವಂಶಿಕತೆಯ ಪಾಲೂ ಸಾಕಷ್ಟಿದೆ ಎಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಎಲ್ಲದರಲ್ಲೂ ಲೋಪವಿಲ್ಲದೆ ಇರಬೇಕೆನ್ನುವ ಸ್ವಭಾವ, ಪರೀಕ್ಷೆಯ ಒತ್ತಡ, ಮೈಯ ಬಗ್ಗೆ ಯಾರೋ ಆಡಿದ ಮಾತು ಅದಕ್ಕೆ ಜೊತೆಯಾಗುತ್ತವೆ. ಒಮ್ಮೆ ತೂಕ ಇಳಿಯತೊಡಗಿತೆಂದರೆ ಹಸಿದ ಮಿದುಳೇ ಕಾಯಿಲೆಯನ್ನು ಮುಂದಕ್ಕೆ ನೂಕುತ್ತದೆ. ಬುದ್ಧಿವಾದದಿಂದ ಅದು ಸಡಿಲಗೊಳ್ಳುವುದಿಲ್ಲ.

ಮಾನಸಿಕ ಕಾಯಿಲೆಗಳ ಪೈಕಿ ಅನೊರೆಕ್ಸಿಯಾದಲ್ಲಿ ಸಾವಿನ ಪ್ರಮಾಣ ಅತಿ ಹೆಚ್ಚಿನವುಗಳಲ್ಲೊಂದು. ಪದೇಪದೇ ವಾಂತಿಯಾದರೆ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ದಾರಿ ತಪ್ಪುತ್ತದೆ. ಆಸ್ಪತ್ರೆಗೆ ತಂದ ಮೇಲೂ ಗಂಡಾಂತರ ಕಳೆಯುವುದಿಲ್ಲ. ಬಹುಕಾಲ ಉಪವಾಸವಿದ್ದ ದೇಹಕ್ಕೆ ಅವಸರದಲ್ಲಿ ಗ್ಲೂಕೋಸ್ ಡ್ರಿಪ್ ಏರಿಸಿದರೆ ರಕ್ತದ ಫಾಸ್ಫೇಟ್ ತಟ್ಟನೆ ಇಳಿದು ಜೀವಕ್ಕೇ ಕುತ್ತು ಬರಬಹುದು. ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ನಿತ್ರಾಣಗೊಂಡ ಹುಡುಗಿ ಬಂದರೆ ಮೊದಲು ಡ್ರಿಪ್ ಹಾಕುವುದೇ ನಮ್ಮಲ್ಲಿ ರೂಢಿ. ಹಾಗಾಗಿ ಥಯಾಮಿನ್ ಕೊಟ್ಟು, ಫಾಸ್ಫೇಟ್, ಪೊಟ್ಯಾಸಿಯಂ ನೋಡಿಕೊಂಡು, ಇಸಿಜಿ ಮಾಡಿಸಿ, ಆಹಾರವನ್ನು ಹಂತಹಂತವಾಗಿ ಏರಿಸಬೇಕೆಂಬ ಲಿಖಿತ ಮಾರ್ಗಸೂಚಿ ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲಿರಬೇಕು. ನನ್ನ ಮೊದಲ ಬೇಡಿಕೆ ಇದು.

ಚಿಕಿತ್ಸೆ ಇದೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕ್ರಮದಲ್ಲಿ ತಂದೆತಾಯಿಯನ್ನು ದೂರದೆ, ಮಗುವಿಗೆ ಉಣಿಸುವ ಹೊಣೆಯನ್ನು ಅವರಿಗೇ ಒಪ್ಪಿಸಿ, ವಾರವಾರ ಬೆನ್ನಿಗೆ ನಿಲ್ಲುತ್ತಾರೆ. ಹದಿಹರೆಯದವರ ಅನೊರೆಕ್ಸಿಯಾಕ್ಕೆ ಒಳ್ಳೆಯ ಪುರಾವೆಯಿರುವ ದಾರಿ ಇದು. ಅಜ್ಜಿ, ಚಿಕ್ಕಮ್ಮ ಎಲ್ಲರೂ ಪಕ್ಕದಲ್ಲಿ ಕೂತು ಉಣಿಸುವ ನಮ್ಮ ಮನೆಗಳಿಗೆ ಇದು ಒಗ್ಗುತ್ತದೆಂದು ನಾನು ನಂಬುತ್ತೇನೆ. ಬುಲಿಮಿಯಾಕ್ಕೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯೂ ಫ್ಲುಯೊಕ್ಸೆಟಿನ್ ಮಾತ್ರೆಯೂ ನೆರವಾಗುತ್ತವೆ. ಅನೊರೆಕ್ಸಿಯಾವನ್ನು ಗುಣಪಡಿಸುವ ಮಾತ್ರೆ ಇಲ್ಲ. ಅಲ್ಲಿ ಊಟವೇ ಮೊದಲ ಔಷಧಿ.

ಇನ್ನು ಪತ್ತೆಯ ಮಾತು. ಬ್ರಿಟನ್ನಿನಲ್ಲಿ 1999ರಿಂದ ಸ್ಕಾಫ್ ಎಂಬ ಐದು ಪ್ರಶ್ನೆಗಳ ಪಟ್ಟಿ ಬಳಕೆಯಲ್ಲಿದೆ. ವಾಂತಿ ಮಾಡಿಕೊಳ್ಳುತ್ತೀಯಾ, ತಿನ್ನುವುದು ಹಿಡಿತ ತಪ್ಪಿದೆಯೆಂಬ ಚಿಂತೆಯಿದೆಯೇ, ಮೂರು ತಿಂಗಳಲ್ಲಿ ಆರು ಕಿಲೋಗಿಂತ ಹೆಚ್ಚು ಇಳಿದಿದ್ದೀಯಾ ಎಂಬಂಥವು. ಇದನ್ನೇ ಕನ್ನಡಕ್ಕಿಳಿಸಿದರೆ ಸಾಲದು. ಉಪವಾಸ, ಹೊಟ್ಟೆನೋವು, ನಿಂತ ಮುಟ್ಟಿನ ಪ್ರಶ್ನೆಗಳೂ ಸೇರಬೇಕು. ಈ ಕೆಲಸಕ್ಕೆ ನಮ್ಮದೇ ನಿಮ್ಹಾನ್ಸ್ ಇದೆ. ಅವರು ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಮುಂದೆ, 1996ರಲ್ಲಿ, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದೇ ಸಂಸ್ಥೆಗೆ ಈ ಪ್ರಶ್ನಾವಳಿಯನ್ನು ವಹಿಸಿ. 14416ರ ಟೆಲಿ ಮಾನಸ್ ಸಹಾಯವಾಣಿಯ ಸಿಬ್ಬಂದಿಗೂ ಶಾಲಾ ತಪಾಸಣಾ ತಂಡಗಳಿಗೂ ತರಬೇತಿ ಕೊಡಿಸಿ. ಪ್ರತಿ ಮಗುವಿನ ತೂಕವನ್ನು ಅದರ ಹಿಂದಿನ ವರ್ಷದ ತೂಕದ ಜೊತೆ ಹೋಲಿಸಿ ನೋಡುವಂತೆ ಆದೇಶಿಸಿ. ಬಾಲ ಸ್ವಾಸ್ಥ್ಯ ತಂಡಗಳು ಕಾಲಿಡದ ಖಾಸಗಿ ಪಿಯು ಕಾಲೇಜುಗಳನ್ನೂ ಅವುಗಳ ಹಾಸ್ಟೆಲುಗಳನ್ನೂ ಬಿಡಬೇಡಿ. ಯಾರು ಉಂಡರು, ಯಾರು ತಟ್ಟೆ ಹಾಗೇ ಬಿಟ್ಟರು ಎಂಬುದು ಅಲ್ಲಿಯ ವಾರ್ಡನ್‌ಗೆ ಗೊತ್ತಿರುತ್ತದೆ. ಅದನ್ನು ಯಾರಿಗೆ ತಿಳಿಸಬೇಕೆಂದು ಅವರಿಗೆ ಹೇಳಿದವರಿಲ್ಲ. ಜೂನ್‌ನಲ್ಲಿ ತರಗತಿಗಳು ಶುರುವಾಗುವ ಮುನ್ನ ಇದನ್ನೆಲ್ಲ ತಿಳಿಸುವ ಸುತ್ತೋಲೆ ನಿಮ್ಮ ಕಚೇರಿಯಿಂದ ಹೊರಡಲಿ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲಾ ಕೇಂದ್ರವೊಂದರ ಮಕ್ಕಳ ವೈದ್ಯೆ