ಮನೆಮದ್ದು: ಕೂದಲಿಗೆ ರೋಸ್‌ಮೇರಿ



ಕೂದಲು ಉದುರುವುದಕ್ಕೆ ರೋಸ್‌ಮೇರಿ ಎಣ್ಣೆ ಒಳ್ಳೆಯದೆಂಬ ಮಾತು ಈಗ ಮನೆಮನೆಯಲ್ಲೂ ಕೇಳಿಬರುತ್ತಿದೆ. ಇದು ಮೆಡಿಟರೇನಿಯನ್ ತೀರದ ಗಿಡ. ಅರಬಿಯಲ್ಲಿ ‘ಇಕ್ಲೀಲುಲ್ ಜಬಲ್’, ಅಂದರೆ ಬೆಟ್ಟದ ಕಿರೀಟ ಎನ್ನುತ್ತಾರೆ. ನಮ್ಮ ನೆರೆಯ ನೀಲಗಿರಿಯಲ್ಲೂ ಬೆಳೆಯುತ್ತಾರೆ. ಸೂಜಿಯಂತಹ ಎಲೆಯನ್ನು ತಿಕ್ಕಿದರೆ ಕರ್ಪೂರದ ವಾಸನೆ ಬರುತ್ತದೆ.

ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ? 2015ರಲ್ಲಿ ಪ್ರಕಟವಾದ ಇರಾನಿನ ಒಂದು ಸಣ್ಣ ಅಧ್ಯಯನದಲ್ಲಿ, ವಂಶಪಾರಂಪರ್ಯವಾಗಿ ಕೂದಲು ಉದುರುತ್ತಿದ್ದವರ ಒಂದು ಗುಂಪಿಗೆ ರೋಸ್‌ಮೇರಿ ಎಣ್ಣೆಯನ್ನೂ ಇನ್ನೊಂದಕ್ಕೆ ಶೇ. 2ರ ಮಿನಾಕ್ಸಿಡಿಲ್ ಔಷಧವನ್ನೂ ಕೊಡಲಾಯಿತು. 3 ತಿಂಗಳಾದರೂ ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲ. 6 ತಿಂಗಳಿಗೆ ಎರಡೂ ಗುಂಪಿನಲ್ಲಿ ಕೂದಲು ಹೆಚ್ಚಿತ್ತು. ಆದ್ದರಿಂದ ವಾರದಲ್ಲಿ ಫಲ ಬೇಕೆನ್ನುವವರು ನಿರಾಶರಾಗುತ್ತಾರೆ.

ಬಳಸುವ ವಿಧಾನ

ಎಣ್ಣೆ: ಎರಡು ದೊಡ್ಡ ಚಮಚ (30 ಮಿ.ಲೀ.) ತೆಂಗಿನೆಣ್ಣೆಗೆ 10 ಹನಿ ರೋಸ್‌ಮೇರಿ ಎಣ್ಣೆ ಬೆರೆಸಿ. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ತುರಿಕೆ, ಉರಿ ಇಲ್ಲದಿದ್ದರೆ ವಾರಕ್ಕೆ ಎರಡು ಬಾರಿ ನೆತ್ತಿಗೆ ಹಚ್ಚಿ, ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಿ. ಒಂದು ಗಂಟೆಯ ಬಳಿಕ ತೊಳೆಯಿರಿ.

ನೀರು: ಒಂದು ಲೋಟ ಕುದಿಯುವ ನೀರಿಗೆ ಎರಡು ಚಮಚ ಒಣ ಎಲೆ ಹಾಕಿ 20 ನಿಮಿಷ ಮುಚ್ಚಿಡಿ. ಸೋಸಿ, ತಣಿದ ಮೇಲೆ ನೆತ್ತಿಗೆ ಹಚ್ಚಿ. ಉಳಿದುದನ್ನು ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಿ. ತಲೆ ಚೆನ್ನಾಗಿ ಒಣಗಿದ ಮೇಲೆಯೇ ಶಿರವಸ್ತ್ರ ಧರಿಸಿ.

ಎಚ್ಚರಿಕೆ

ಅಂಗಡಿಯ ಪುಟ್ಟ ಬಾಟಲಿಯಲ್ಲಿರುವುದು ತೀರಾ ಗಾಢವಾದ ಎಣ್ಣೆ. ಬೆರೆಸದೆ ಹಚ್ಚಬೇಡಿ, ಕುಡಿಯಲಂತೂ ಬೇಡವೇ ಬೇಡ. ಅದರಲ್ಲಿ ಕರ್ಪೂರದ ಅಂಶವಿರುವುದರಿಂದ ಮೂರ್ಛೆ ರೋಗವಿರುವವರು ಮತ್ತು ಗರ್ಭಿಣಿಯರು ದೂರವಿರಲಿ. ಪುಟ್ಟ ಮಕ್ಕಳಿಗೆ ಹಚ್ಚಬಾರದು. ಬಾಟಲಿ ಅವರ ಕೈಗೆ ಸಿಗದಂತೆ ಇಡಿ.

ಮೊದಲು ಕಾರಣ ತಿಳಿಯಿರಿ

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹೆರಿಗೆಯಾಗಿ ಸುಮಾರು ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬಂದರೆ ಬಾಣಂತಿಯರು ಹೆದರಬೇಕಿಲ್ಲ. ಗರ್ಭದ ದಿನಗಳಲ್ಲಿ ಉದುರದೆ ನಿಂತಿದ್ದ ಕೂದಲು ಅದು. ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ.

ಆದರೆ ಕೂದಲಿನ ಜೊತೆಗೆ ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಹೆಚ್ಚಿನ ಮುಟ್ಟಿನ ಸ್ರಾವ ಇದ್ದರೆ ರಕ್ತಹೀನತೆ ಇರಬಹುದು. ತೂಕ ಏರುವುದು, ಚಳಿ ತಡೆಯದಿರುವುದು ಥೈರಾಯ್ಡ್ ತೊಂದರೆಯ ಲಕ್ಷಣವಾಗಿರಬಹುದು. ಇವೆರಡನ್ನೂ ಯಾವ ಎಣ್ಣೆಯೂ ಗುಣಪಡಿಸದು. ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಸ್ತ್ರೀಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಮಾಂಸ, ಮೀನು, ಹುರುಳಿ, ನುಗ್ಗೆಸೊಪ್ಪು ಊಟದಲ್ಲಿರಲಿ, ಮೇಲೊಂದಿಷ್ಟು ನಿಂಬೆರಸ ಹಿಂಡಿ. ಊಟವಾದ ಕೂಡಲೇ ಚಹಾ ಕುಡಿದರೆ ಕಬ್ಬಿಣದಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ತಡೆಯಿರಿ.

ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವ ಅಭ್ಯಾಸ ನಮ್ಮ ಎಷ್ಟೋ ಮನೆಗಳ ತಾಯಂದಿರಿಗಿದೆ. ನೆತ್ತಿಗೆ ಎಣ್ಣೆ ಹಚ್ಚುವ ಮೊದಲು ನಿಮ್ಮ ತಟ್ಟೆಯಲ್ಲಿ ಏನಿದೆಯೆಂದು ನೋಡಿಕೊಳ್ಳಿ.