‘ನೈಸ್’ ಪದದ ಪೂರ್ವಾಶ್ರಮ

ಇಂಗ್ಲಿಷ್ ಆಡುವವರ ನಾಲಗೆಯ ಮೇಲೆ ದಿನಕ್ಕೆ ಹತ್ತು ಬಾರಿಯಾದರೂ ಸುಳಿದುಹೋಗುವ ಗುಣವಾಚಕ ‘ನೈಸ್’. ಹವೆ ನೈಸ್, ಸೀರೆ ನೈಸ್, ನೆರೆಮನೆಯವರು ನೈಸ್, ಅವರು ಕೊಟ್ಟ ಉಪ್ಪಿಟ್ಟೂ ನೈಸ್. ಯಾರಿಗೂ ಕೇಡೆಣಿಸದಂತೆ ಇಷ್ಟು ಸೌಮ್ಯವಾಗಿ ಓಡಾಡಿಕೊಂಡಿರುವ ಈ ಪದದ ಪೂರ್ವಾಶ್ರಮವನ್ನು ಕೆದಕಿದರೆ ವಾಚಕರಿಗೆ ಅಚ್ಚರಿಯಾದೀತು. ಹುಟ್ಟಿನಲ್ಲಿ ಅದೊಂದು ಬೈಗುಳು!

ಲ್ಯಾಟಿನ್ ಭಾಷೆಯಲ್ಲಿ ‘ಸ್ಕೀರೆ’ ಎಂದರೆ ತಿಳಿಯುವುದು. ‘ಸೈನ್ಸ್’ ಎಂಬ ಮಾತು ಹೊರಟುದೂ ಅಲ್ಲಿಂದಲೇ. ಅದಕ್ಕೆ ನಿಷೇಧಾರ್ಥದ ‘ನೆ’ ಸೇರಿ ‘ನೆಸ್ಕಿಯುಸ್’ ಆಯಿತು. ಅರಿಯದವನು, ಅಜ್ಞ ಎಂದರ್ಥ. ಹಳೆಯ ಫ್ರೆಂಚರ ಬಾಯಲ್ಲಿ ಸವೆದು, ಸುಮಾರು 1300ರ ವೇಳೆಗೆ ಇಂಗ್ಲಿಷಿನ ಹೊಸಿಲು ದಾಟಿದಾಗಲೂ ಅದಕ್ಕೆ ‘ದಡ್ಡ’ನೆಂಬ ಅರ್ಥವೇ ಇದ್ದಿತು. ವಿಜ್ಞಾನವೂ ದಡ್ಡತನವೂ ಒಂದೇ ಮನೆಯ ಕೂಸುಗಳೆಂದಾಯಿತು.

ಮುಂದೆ ಅದು ಹಿಡಿದ ದಾರಿ ನೇರವಾದುದಲ್ಲ. ದಡ್ಡನಿಂದ ಅತಿಯಾದ ನಾಜೂಕಿನವನಿಗೆ, ಅವನಿಂದ ಸೂಕ್ಷ್ಮತೆಗೆ, ಸೂಕ್ಷ್ಮತೆಯಿಂದ ಕರಾರುವಾಕ್ಕಿಗೆ ಸರಿಯಿತು. ‘ನೈಸ್ ಡಿಸ್ಟಿಂಕ್ಷನ್’ ಎಂಬಲ್ಲಿ ಇಂದಿಗೂ ಇರುವುದು ಈ ಅರ್ಥವೇ. ಅದನ್ನು ‘ಸೊಗಸಾದ ವ್ಯತ್ಯಾಸ’ ಎಂದು ಭಾಷಾಂತರಿಸಿದರೆ ಸೊಗಸು ಉಳಿದೀತು, ವ್ಯತ್ಯಾಸ ಮಾತ್ರ ಹಾರಿಹೋದೀತು.

ಇನ್ನೂ ದೊಡ್ಡ ಗುಂಡಿಯೊಂದು ಷೇಕ್ಸ್‌ಪಿಯರನಲ್ಲಿದೆ. ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಕೊನೆಯ ಅಂಕದಲ್ಲಿ, ಜೂಲಿಯೆಟ್ ನಿಜವಾಗಿ ಸತ್ತಿಲ್ಲವೆಂದು ತಿಳಿಸುವ ಪತ್ರ ರೋಮಿಯೋನ ಕೈ ಸೇರುವುದಿಲ್ಲ. ಒಯ್ಯಬೇಕಾದವನನ್ನು ಪ್ಲೇಗಿನ ಶಂಕೆಯಿಂದ ತಡೆದು ಕೂಡಿಹಾಕಿರುತ್ತಾರೆ. ಸುದ್ದಿ ಕೇಳಿ ದಿಗಿಲುಗೊಂಡ ವೃದ್ಧ ಸಂನ್ಯಾಸಿ ಆ ಪತ್ರ ‘ನೈಸ್’ ಆಗಿರಲಿಲ್ಲ ಎನ್ನುತ್ತಾನೆ. ಪತ್ರ ಚೆನ್ನಾಗಿರಲಿಲ್ಲವೆಂದು ಆತ ಬೇಸರಪಡುತ್ತಿಲ್ಲ. ಅದು ಕ್ಷುಲ್ಲಕವಾದುದಲ್ಲ, ಪ್ರಾಣಕ್ಕೆ ಸಂಬಂಧಿಸಿದ್ದು ಎನ್ನುತ್ತಿದ್ದಾನೆ. ಇಂದಿನ ಅರ್ಥವನ್ನು ಅಲ್ಲಿಗೆ ಒಯ್ದ ವಿದ್ಯಾರ್ಥಿಗೆ ದುರಂತದ ಕೀಲೇ ತಪ್ಪಿಹೋಗುತ್ತದೆ.

ಹಿತವಾದುದು ಎಂಬ ಅರ್ಥ ಬಲವಾಗಿ ಬೇರೂರಿದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಅದರ ಅತಿಬಳಕೆಯನ್ನು ಜೇನ್ ಆಸ್ಟೆನ್ ತನ್ನ ‘ನಾರ್ಥ್ಯಾಂಗರ್ ಅಬೆ’ಯಲ್ಲಿ ಹಾಸ್ಯಕ್ಕೆ ಗುರಿಮಾಡಿದ್ದಾಳೆ. 1817ರ ಕೊನೆಯಲ್ಲಿ ಹೊರಬಂದ ಆ ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ, ಎಲ್ಲ ಹೊಗಳಿಕೆಗೂ ಇದೊಂದೇ ಪದವಾಯಿತೆಂದು ನಾಯಿಕೆಯನ್ನು ಕೆಣಕುತ್ತಾನೆ. ಮೂಲದಲ್ಲಿ ಅದು ಅಚ್ಚುಕಟ್ಟು, ನಾಜೂಕುಗಳಿಗೆ ಮೀಸಲಾಗಿದ್ದಿರಬಹುದೆಂದು ಪಾಂಡಿತ್ಯ ಮೆರೆಯುತ್ತಾನೆ. ಪಾಪ, ಆತನ ‘ಮೂಲ’ ಹೊಳೆಯ ನಡುವಿನದು. ಮೇಲೆ ಹತ್ತಿದ್ದರೆ ದಡ್ಡನೇ ಎದುರಾಗುತ್ತಿದ್ದ.

ಇಂಗ್ಲಿಷರನ್ನು ನೋಡಿ ನಗುವ ಮುನ್ನ ನಮ್ಮ ‘ಮುಗ್ಧ’ನನ್ನು ವಿಚಾರಿಸಬೇಕು. ಸಂಸ್ಕೃತದ ‘ಮುಹ್’ ಧಾತುವಿಗೆ ಭ್ರಮೆಗೊಳ್ಳು, ದಿಕ್ಕುತೋಚದಂತಾಗು ಎಂದರ್ಥ. ಅದರಿಂದ ‘ಮೂಢ’, ‘ಮುಗ್ಧ’ ಎಂಬ ಎರಡು ರೂಪಗಳೂ ಹುಟ್ಟಿದವು. ಮೊದಲು ಎರಡರದೂ ಹೆಚ್ಚುಕಡಮೆ ಒಂದೇ ಜಾತಕ. ಮೂಢ ಮೂಢನಾಗಿಯೇ ಉಳಿದ. ಮುಗ್ಧನಾದರೋ ತಿಳಿಯದವನಿಂದ ಕಪಟವರಿಯದವನಾಗಿ, ಅಲ್ಲಿಂದ ಮನೋಹರನಾಗಿ ಕಾವ್ಯವನ್ನೇರಿದ. ಅಲಂಕಾರಶಾಸ್ತ್ರದಲ್ಲಿ ಮುಗ್ಧೆ ಎಂಬ ನಾಯಿಕೆಗೆ ಪ್ರತ್ಯೇಕ ಪೀಠವೇ ದೊರೆಯಿತು. ‘ಮುಗ್ಧ ನಗೆ’ ಎಂದಾಗ ಪೆದ್ದು ನಗೆ ಯಾರ ನೆನಪಿಗೂ ಬಾರದು.

ಕನ್ನಡಕ್ಕೆ ಬಂದ ‘ನೈಸ್’ ಕೂಡ ಸುಮ್ಮನೆ ಕುಳಿತಿಲ್ಲ. “ಚಟ್ನಿ ನೈಸಾಗಿ ರುಬ್ಬಮ್ಮ” ಎಂದು ಅತ್ತೆ ಹೇಳಿದರೆ ಅದಕ್ಕೆ ನುಣ್ಣಗೆ ಎಂದು ಅರ್ಥ. “ಅವನು ಅಪ್ಪನನ್ನು ನೈಸ್ ಮಾಡಿ ದುಡ್ಡು ಹೊಡೆದ” ಎಂದರೆ ಪುಸಲಾಯಿಸಿದ ಎಂದು. ಈ ಎರಡೂ ಲಂಡನ್ನಿನವರಿಗೆ ತಿಳಿಯುವ ಅರ್ಥಗಳಲ್ಲ. ನಮ್ಮಲ್ಲಿ ಮೊದಲೇ ಇದ್ದ ‘ನಯ’ವೆಂಬ ಮಾತಿನ ನೆರಳು ಬಿದ್ದು ಹೀಗಾಯಿತೆಂದು ನನ್ನ ಊಹೆ. ನಯವಾದ ಹಿಟ್ಟು, ನಯವಾದ ಮಾತು—ರುಬ್ಬುವುದಕ್ಕೂ ಪುಸಲಾಯಿಸುವುದಕ್ಕೂ ಅಲ್ಲಿ ಆಗಲೇ ಎಡೆಯಿದ್ದಿತು.