ಸಂಜೆಯ ಓದು: ಮೂರು ಕಾದಂಬರಿಗಳು

“ಪಂಡಿತರೇ, ತಾವು ತಿಂಗಳು ತಿಂಗಳೂ ಈ ಪುಟದಲ್ಲಿ ಕಾಳಿದಾಸ ಭವಭೂತಿಗಳನ್ನು ಕುರಿತೇ ಬರೆಯುತ್ತೀರಲ್ಲ, ತಮ್ಮ ಮನೆಯಲ್ಲಿ ಕಾದಂಬರಿಗಳನ್ನು ಓದುವ ವಾಡಿಕೆಯಿಲ್ಲವೆ? ಇದ್ದರೆ ಈಗ ಯಾವುದನ್ನು ಓದುತ್ತಿರುವಿರಿ, ಅದರ ವಿಷಯದಲ್ಲಿ ತಮ್ಮ ಅಭಿಪ್ರಾಯವೇನು?” ಎಂದು ಸೋದರಿಯೊಬ್ಬರು ಕೇಳಿ ಬರೆದಿದ್ದಾರೆ. ಪ್ರಶ್ನೆಯಲ್ಲಿ ಸ್ವಲ್ಪ ಚುಚ್ಚುಮಾತೂ ಇದ್ದಂತೆ ತೋರುತ್ತದೆ. ಇರಲಿ. ಓದುವುದುಂಟು, ಅಭಿಪ್ರಾಯಗಳೂ ಬೇಕಾದಷ್ಟುಂಟು. ಆದರೆ ಈ ಸಾರಿ ಆ ಅಭಿಪ್ರಾಯಗಳೆಲ್ಲ ನಾನು ಓದಲು ಕುಳಿತಾಗ ಇದ್ದ ಸ್ಥಿತಿಯಲ್ಲಿಯೇ ಉಳಿದಿಲ್ಲವಾದುದರಿಂದ, ನಡೆದುದನ್ನು ನಡೆದಂತೆಯೇ ಅರಿಕೆಮಾಡುವೆನು.

ಮೊದಲು ಹೆಸರಿನ ಮಾತು. ತೆಲುಗರು ಈ ಬಗೆಯ ಗ್ರಂಥವನ್ನು ‘ನವಲ’ ಎನ್ನುವರು, ತಮಿಳರು ‘ನಾವಲ್’ ಎನ್ನುವರು. ನಾವೂ ಮರಾಠಿಯವರೂ ‘ಕಾದಂಬರಿ’ ಎನ್ನುತ್ತೇವೆ. ಅದು ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣಭಟ್ಟನ ಕಥಾನಾಯಿಕೆಯ ಹೆಸರು. ಒಬ್ಬಳ ಹೆಸರು ಒಂದು ಜಾತಿಗೇ ಹೆಸರಾಯಿತು. ಸಂಸ್ಕೃತದಲ್ಲಿ ಕಾದಂಬರಿಯೆಂದರೆ ಮದ್ಯವೆಂಬ ಅರ್ಥವೂ ಇರುವುದು. ನನಗೆ ಪಾಠ ಹೇಳಿದ ಗುರುಗಳು ಈ ಎರಡನೆಯ ಅರ್ಥವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹುಡುಗರನ್ನು ಕಾದಂಬರಿಗಳಿಂದ ದೂರವಿಡುತ್ತಿದ್ದರು. ನಾನು ಉಪಾಧ್ಯಾಯನಾದ ಮೇಲೆ ಅದೇ ಸಂಪ್ರದಾಯವನ್ನು ಪಾಲಿಸಿ, ಮೇಜಿನ ಕೆಳಗೆ ಹಿಡಿದು ಓದುತ್ತಿದ್ದ ಪುಸ್ತಕಗಳನ್ನು ಕಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆನು. ಬೇಸಗೆಯ ರಜದಲ್ಲಿ ಅವನ್ನೆಲ್ಲ ನಾನೇ ಓದುತ್ತಿದ್ದೆನೆಂಬುದನ್ನು, ಈಗ ನಿವೃತ್ತನಾಗಿರುವುದರಿಂದ, ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ನಮ್ಮ ಮನೆಯ ಸಂಜೆಯ ಓದು ಆರಂಭವಾದುದು ಎರಡು ವರ್ಷಗಳ ಹಿಂದೆ, ನನ್ನ ಹೆಂಡತಿಯ ಕಣ್ಣಿನ ಪೊರೆ ತೆಗೆಸಿದಾಗ. ಆಕೆಗೆ ಬೇಸರ ಕಳೆಯಲೆಂದು ನಾನು ಗಟ್ಟಿಯಾಗಿ ಓದತೊಡಗಿದೆನು. ಕಣ್ಣು ಚೆನ್ನಾದರೂ ಓದು ನಿಲ್ಲಲಿಲ್ಲ. ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಒಂದು ಗಂಟೆಯ ಕಾಲ ನಾನು ಓದುವುದು. ಹೆಂಡತಿ ಹೂ ಕಟ್ಟುತ್ತಲೋ ಹುರುಳಿಕಾಯಿ ಬಿಡಿಸುತ್ತಲೋ ಕೇಳುವುದು. ಬ್ಯಾಂಕಿನಿಂದ ಬೇಗ ಬಂದ ದಿನ ಸೊಸೆಯೂ ಕೂಡುವುದು. ನನ್ನ ಅಕ್ಕ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತ ಕುಳಿತಿರುತ್ತಾಳೆ. ಅವಳು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮಲ್ಲಿಯೇ ಇರುವಳು. ಮಾತು ಕಡಮೆ. ನಾವು ಮೂವರು ಕಥೆಯ ಮೇಲೆ ಜಗಳವಾಡುವಾಗಲೂ ಅವಳ ಕೈ ಬತ್ತಿಯ ಮೇಲೆಯೇ ಇರುತ್ತದೆ.

ಈ ಮಳೆಗಾಲದಲ್ಲಿ ಮೊದಲು ತೆಗೆದುಕೊಂಡುದು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಇದನ್ನು ಕನ್ನಡದ ಮೊದಲನೆಯ ಸಾಮಾಜಿಕ ಕಾದಂಬರಿಯೆಂದು ವಿದ್ವಾಂಸರು ಹೇಳುತ್ತಾರೆ. ರಾಯರು ಪೊಲೀಸು ಇಲಾಖೆಯಲ್ಲಿದ್ದವರು; ಲಂಚವನ್ನೂ ಕಪಟ ಭಕ್ತಿಯನ್ನೂ ಹತ್ತಿರದಿಂದ ಕಂಡವರ ಬರವಣಿಗೆ ಇದೆಂಬುದು ಹತ್ತು ಪುಟಗಳಲ್ಲಿಯೇ ತಿಳಿಯುತ್ತದೆ. ಎಳೆಯ ವಯಸ್ಸಿನಲ್ಲಿ ವಿಧವೆಯಾದ ಇಂದಿರೆ ವಿದ್ಯೆಯನ್ನು ಕಲಿತು, ಕೊನೆಗೆ ಭಾಸ್ಕರನನ್ನು ಮದುವೆಯಾಗುತ್ತಾಳೆ. ‘ಸದ್ಧರ್ಮವಿಜಯ’ವೆಂಬುದು ಗ್ರಂಥದ ಇನ್ನೊಂದು ಹೆಸರು, ಆ ವಿಜಯವಾದರೋ ಎಲ್ಲಿಯೂ ತಡೆಯಿಲ್ಲದೆ ಲಭಿಸುತ್ತದೆ. “ಕೆಟ್ಟವರೆಲ್ಲ ತಮ್ಮಷ್ಟಕ್ಕೆ ತಾವೇ ಇಷ್ಟು ಬೇಗ ಕೆಟ್ಟುಹೋದರೆ ಇವರ ಪೊಲೀಸಿನವರಿಗೆ ಕೆಲಸವೇನು?” ಎಂದು ನನ್ನ ಹೆಂಡತಿ ಕೇಳಿದಳು. ಆ ಆಕ್ಷೇಪಣೆಗೆ ನನ್ನಲ್ಲಿ ಉತ್ತರವಿಲ್ಲ. ಆದರೂ ವಿಧವೆಯ ವಿವಾಹವನ್ನು ಕಥೆಯಲ್ಲಾದರೂ ನೆರವೇರಿಸಲು ಆ ಕಾಲದಲ್ಲಿ ಎಷ್ಟು ಧೈರ್ಯ ಬೇಕಾಗಿದ್ದಿತೆಂಬುದನ್ನು ನೆನೆದರೆ, ಶಿಲ್ಪದೋಷಗಳನ್ನು ಎಣಿಸಲು ಮನಸ್ಸು ಬಾರದು. ಅನುಮತಿ ಕೊಟ್ಟ ಕಾನೂನು 1856ರಲ್ಲಿಯೇ ಬಂದಿದ್ದಿತು. ಆದರೆ ಮದುವೆಗೆ ಬಂದು ಎಲೆಯ ಮುಂದೆ ಕುಳಿತುಕೊಳ್ಳುವ ನೆಂಟರನ್ನು ಯಾವ ಕಾನೂನೂ ಕೊಡಲಾರದಷ್ಟೆ.

ಎರಡನೆಯದು ಭೈರಪ್ಪನವರ ‘ವಂಶವೃಕ್ಷ’, 1965ರದು. ಇದನ್ನು ನಾನು ಕಾಲೇಜಿನ ದಿನಗಳಲ್ಲಿ ಒಮ್ಮೆ ಓದಿ, ಇದು ನಮ್ಮ ಪಕ್ಷದ ಪುಸ್ತಕವೆಂದು ಸಂತೋಷಪಟ್ಟಿದ್ದೆನು. ನಮ್ಮ ಪಕ್ಷವೆಂದರೆ ಶಾಸ್ತ್ರದ ಪಕ್ಷ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ಕಪಿಲಾ ನದಿಯ ಪಾಲಾಗುತ್ತಾನೆ. ಸೊಸೆ ಕಾತ್ಯಾಯನಿ ಓದನ್ನು ಮುಂದುವರಿಸಲು ಮೈಸೂರಿಗೆ ರೈಲಿನಲ್ಲಿ ಹೋಗಿಬರುತ್ತ, ರಾಜನೆಂಬ ಅಧ್ಯಾಪಕನಿಗೆ ಮನಸೋತು ಅವನನ್ನು ಮದುವೆಯಾಗುತ್ತಾಳೆ. ಮಗು ಅಜ್ಜ ಅಜ್ಜಿಯರಲ್ಲಿ ಉಳಿಯುತ್ತದೆ. ಹೊಸ ಸಂಸಾರದಲ್ಲಿ ಅವಳ ಗರ್ಭಗಳು ನಿಲ್ಲುವುದಿಲ್ಲ. ಅವಳೂ ಸವೆದು ಸವೆದು ಕೊನೆಗೆ ಸಾಯುತ್ತಾಳೆ. ಇತ್ತ ಶ್ರೋತ್ರಿಗಳಿಗೆ, ತಾವು ಯಾವ ವಂಶದ ಶುದ್ಧಿಗಾಗಿ ಜನ್ಮವೆಲ್ಲ ತಪಿಸಿದರೋ ಆ ವಂಶದ ರಕ್ತವೇ ತಮ್ಮದಲ್ಲವೆಂದು ಮುಪ್ಪಿನಲ್ಲಿ ತಿಳಿಯುತ್ತದೆ. ಕಥೆಯ ಗುಟ್ಟನ್ನು ಹೊರಗೆಡಹಿದೆನೆಂದು ವಾಚಕರು ಕೋಪಿಸಿಕೊಳ್ಳಬಾರದು. ಅರುವತ್ತು ವರ್ಷಗಳಿಂದ ಅಂಗಡಿಯಲ್ಲಿರುವ ಪುಸ್ತಕದಲ್ಲಿ ಗುಟ್ಟೇನು ಬಂತು? ಅದು 1972ರಲ್ಲಿ ಚಲಚ್ಚಿತ್ರವೂ ಆಯಿತು.

ನಮ್ಮ ಮನೆಯಲ್ಲಿ ಇದನ್ನು ಓದಿ ಮುಗಿಸಲು ಐದು ವಾರಗಳು ಹಿಡಿದುವು, ಏಕೆಂದರೆ ಓದಿದುದಕ್ಕಿಂತ ವಾದಿಸಿದುದೇ ಹೆಚ್ಚು. ಗ್ರಂಥಕರ್ತರು ಕಾತ್ಯಾಯನಿಗೆ ಬೇಕೆಂದೇ ಶಿಕ್ಷೆ ಕೊಟ್ಟಿದ್ದಾರೆಂದು ಸೊಸೆಯ ಮತ. “ಮಾವ, ಶ್ರೋತ್ರಿಗಳ ತಪ್ಪಿಗೆ ಜ್ಞಾನ, ಅವಳ ತಪ್ಪಿಗೆ ಸಾವು; ಇದು ಯಾವ ನ್ಯಾಯ?” ಎಂದಳು. ನಾನು ಸುಲಭವಾಗಿ ಸೋಲುವವನಲ್ಲ. ಬಾಣನ ಕಥೆಯನ್ನೇ ಮುಂದಿಟ್ಟೆನು. ಮಹಾಶ್ವೇತೆಯ ಪ್ರಿಯನಾದ ಪುಂಡರೀಕನು ಸತ್ತಾಗ ದಿವ್ಯಪುರುಷನೊಬ್ಬನು ಇಳಿದುಬಂದು, ನಿಮಗೆ ಪುನಸ್ಸಮಾಗಮವುಂಟೆಂದು ಹೇಳಿ ದೇಹವನ್ನು ಎತ್ತಿಕೊಂಡು ಹೋಗುತ್ತಾನೆ. ಆಕೆ ತಪಸ್ವಿನಿಯಾಗಿ ಕಾಯುತ್ತಾಳೆ. ಕಾದುದಕ್ಕೆ ಫಲವೂ ದೊರೆಯುತ್ತದೆ. ಈ ಕಾಲದ ಕಾದಂಬರಿಕಾರನಿಗೆ ಆ ಸೌಕರ್ಯವಿಲ್ಲ. ಅವನ ಲೋಕದಲ್ಲಿ ಸತ್ತವನು ಸತ್ತೇಹೋಗುತ್ತಾನೆ, ಕಾಯುವವಳಿಗೆ ಆಕಾಶವಾಣಿಯಿಲ್ಲ. ಆದುದರಿಂದ ಕಾತ್ಯಾಯನಿಯ ದುಃಖವು ಶಿಕ್ಷೆಯಲ್ಲ, ಎರಡು ಧರ್ಮಗಳ ನಡುವೆ ಸಿಕ್ಕಿದವಳಿಗೆ ಬಂದೊದಗುವ ಪರಿಣಾಮವೆಂದು ನಾನು ಪ್ರತಿಪಾದಿಸಿದೆನು. ನನ್ನ ವಾದ ನನಗೆ ಚೆನ್ನಾಗಿಯೇ ಕೇಳಿಸಿತು.

ಆಗ ಅಕ್ಕ ಬಾಯಿಬಿಟ್ಟಳು. ಕಾತ್ಯಾಯನಿ ಮಗುವನ್ನು ತನ್ನೊಡನೆ ಕರೆದೊಯ್ಯಲು ನಂಜನಗೂಡಿಗೆ ಬರುವ ಭಾಗವೊಂದುಂಟು. ಶ್ರೋತ್ರಿಗಳು ಆಕೆಯನ್ನು ಗದರಿಸುವುದಿಲ್ಲ, ತಡೆಯುವುದೂ ಇಲ್ಲ. ನಿರ್ಧಾರವನ್ನು ಅವಳಿಗೇ ಬಿಡುತ್ತಾರೆ. ಅವಳು ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಆ ಭಾಗವನ್ನು ಓದುವಾಗ, ಇದಲ್ಲವೆ ಔದಾರ್ಯ, ಎಂದು ನನ್ನ ಕಂಠ ಗದ್ಗದವಾಗಿದ್ದಿತು. ಅಕ್ಕನಾದರೋ ಹೀಗೆಂದಳು: “ಅದೇನು ದೊಡ್ಡತನವೋ ನನಗೆ ತಿಳಿಯದಪ್ಪ. ಮುದುಕರ ಕಣ್ಣೀರು, ಮನೆತನ, ಧರ್ಮ ಎಲ್ಲವನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿ ಹಾಕಿ, ತೂಗು ತಾಯಿ ಎಂದು ಅವಳ ಕೈಗೆ ಕೊಟ್ಟರೆ ಅವಳು ಏನು ತೂಗಿಯಾಳು? ಆದರೂ ಅವಳನ್ನು ಒಂದು ಮಾತು ಕೇಳಿದರು. ಅಷ್ಟಾದರೂ ಸರಿ.”

ಬತ್ತಿ ಹೊಸೆಯುವ ಕೈ ನಿಂತಿದ್ದಿತು. ನಾನು ಪುಸ್ತಕವನ್ನು ಮುಚ್ಚಿದೆನು.

ವಾಚಕರಿಗೆ ಈಗ ಹಿಂದಿನ ಒಂದು ಸಂಗತಿಯನ್ನು ಹೇಳಬೇಕಾಗಿದೆ. 1989ರಲ್ಲಿ ನಮ್ಮ ಭಾವನವರು ತೀರಿಕೊಂಡಾಗ ಅಕ್ಕನಿಗೆ ಇಪ್ಪತ್ತೆಂಟು ವರ್ಷ, ಮಕ್ಕಳಿರಲಿಲ್ಲ. ವರ್ಷಾಂತಿಕ ಕಳೆದ ಮೇಲೆ, ಹೆಂಡತಿಯನ್ನು ಕಳೆದುಕೊಂಡಿದ್ದ ಒಬ್ಬ ಉಪಾಧ್ಯಾಯರು ಹಿರಿಯರ ಮೂಲಕ ನಮ್ಮ ತಂದೆಯವರಲ್ಲಿ ಪ್ರಸ್ತಾಪ ಮಾಡಿಸಿದರು. ಒಳ್ಳೆಯ ಜನ. ತಂದೆಯವರು ನಾವು ಎಣಿಸಿದಂತೆ ಸಿಟ್ಟಾಗಲಿಲ್ಲ. ಆಗ ತಾನೆ ವಿದ್ವತ್ಪರೀಕ್ಷೆ ಮುಗಿಸಿ ಬಂದಿದ್ದ ನನ್ನನ್ನು ಜಗಲಿಗೆ ಕರೆದು, “ನೀನು ಓದಿದವನು, ಇದಕ್ಕೆ ಶಾಸ್ತ್ರ ಏನು ಹೇಳುತ್ತದೆ?” ಎಂದು ಕೇಳಿದರು.

ಶಾಸ್ತ್ರ ಹೇಳುವುದೇನೆಂದು ನನಗೆ ಗೊತ್ತಿದ್ದಿತು. ಪರಾಶರಸ್ಮೃತಿಯು ಐದು ಆಪತ್ತುಗಳನ್ನು ಹೇಳಿ, ಅವುಗಳಲ್ಲಿ ಸ್ತ್ರೀಗೆ ಬೇರೊಬ್ಬ ಪತಿಯು ವಿಹಿತನೆನ್ನುತ್ತದೆ; ಪತಿಯ ಮರಣವೂ ಆ ಐದರಲ್ಲಿ ಒಂದು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ಅದಕ್ಕೆ ವ್ಯಾಖ್ಯಾನ ಬರೆಯುತ್ತ, ಈ ವಿಧಿಯು ಬೇರೆ ಯುಗಕ್ಕೆ ಸೇರಿದ್ದು, ಕಲಿಯುಗಕ್ಕೆ ಸಲ್ಲದೆಂದು ನಿರ್ಣಯಿಸಿದರು. ನಾನು ಮಾಧವರ ಮಾತನ್ನು ಎತ್ತಿ ಹೇಳಿದೆನು. ಆ ಸ್ಮೃತಿಯೇ ತಾನು ಕಲಿಯುಗಕ್ಕಾಗಿ ಹೇಳಲ್ಪಟ್ಟುದೆಂದು ಆರಂಭದಲ್ಲಿ ಸಾರಿಕೊಂಡಿರುವಾಗ ಅದರ ವಿಧಿಯನ್ನು ಬೇರೆ ಯುಗಕ್ಕೆ ತಳ್ಳುವುದು ಹೇಗೆಂದು 1855ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಬಂಗಾಳದ ಪಂಡಿತರನ್ನು ಕೇಳಿದ್ದರು. ಆ ಪ್ರಶ್ನೆಯನ್ನು ನಾನು ಓದಿದ್ದೆನು. ಅದಕ್ಕೆ ಸಮರ್ಪಕವಾದ ಉತ್ತರ ನನಗೆ ದೊರೆತಿರಲಿಲ್ಲವೆಂಬುದೂ ನಿಜ. ಅದನ್ನು ತಂದೆಯವರಿಗೆ ಹೇಳಲಿಲ್ಲ. ನನ್ನ ಮದುವೆಯ ಮಾತು ಆಗ ನಡೆಯುತ್ತಿದ್ದಿತು. ಹೆಣ್ಣಿನ ಕಡೆಯವರು ಏನೆಂದುಕೊಳ್ಳುವರೋ ಎಂಬುದು ಮನಸ್ಸಿನಲ್ಲಿದ್ದಿತು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, “ಹಾಗಾದರೆ ಬೇಡ” ಎಂದರು.

ಆ ಸಂಜೆ ಎಲ್ಲರೂ ಎದ್ದ ಮೇಲೆ ಅಕ್ಕನ ಹತ್ತಿರ ಹೋಗಿ, ಅಂದಿನ ಪ್ರಸ್ತಾಪ ಅವಳಿಗೆ ಗೊತ್ತಿದ್ದಿತೆ ಎಂದು ಕೇಳಿದೆನು.

“ನೀನು ಜಗಲಿಯಲ್ಲಿ ಶ್ಲೋಕ ಹೇಳಿದ್ದು ಅಡಿಗೆಮನೆಗೆ ಕೇಳಿಸುವುದಿಲ್ಲವೇನೋ? ನಿನ್ನ ಗಂಟಲು ಆಗಲೂ ದೊಡ್ಡದೇ” ಎಂದಳು.

ವಿದ್ಯಾಸಾಗರರ ವಿಷಯವನ್ನು ಬಿಚ್ಚಿ ಹೇಳಿದೆನು. ನಾನು ಹೇಳದೆ ಬಿಟ್ಟಿದ್ದನ್ನೂ, ಬಿಟ್ಟ ಕಾರಣವನ್ನೂ ಹೇಳಿದೆನು. ಕೇಳಿ, “ಓಹೋ, ಹಾಗೂ ಉಂಟೋ” ಎಂದಳು.

“ನಿನ್ನನ್ನು ಕೇಳಿದ್ದರೆ ಒಪ್ಪುತ್ತಿದ್ದೆಯಾ, ಅಕ್ಕ?”

“ಅದನ್ನು ಈಗ ಹೇಗೆ ಹೇಳಲಿ? ಆಗ ಕೇಳಿದ್ದರೆ ಕೂತು ಯೋಚನೆ ಮಾಡುತ್ತಿದ್ದೆ. ಹೋಗು, ನಿನ್ನ ಹೆಂಡತಿ ಎಲೆ ಹಾಕಿದ್ದಾಳೆ.”

ಇಷ್ಟೇ ನಡೆದುದು. ನಾನು ಕ್ಷಮೆ ಕೇಳಿದೆನು. ಅವಳು ಅದನ್ನು ಕೇಳಿಸಿಕೊಳ್ಳದವಳಂತೆ ಎದ್ದು ಹೋದಳು. ‘ವಂಶವೃಕ್ಷ’ದ ವಿಷಯದಲ್ಲಿ ನನ್ನ ಈಗಿನ ಅಭಿಪ್ರಾಯವನ್ನು ಕೇಳಿದರೆ, ಅದು ದೊಡ್ಡ ಪುಸ್ತಕವೆಂದು ಈಗಲೂ ಹೇಳುವೆನು. ಆದರೆ ಅದು ನಮ್ಮ ಪಕ್ಷದ ಪುಸ್ತಕವೆಂದು ಇಪ್ಪತ್ತರ ಹರೆಯದಲ್ಲಿ ತಿಳಿದುದು ತಪ್ಪು. ಶ್ರೋತ್ರಿಗಳ ಕಾಲ ಕೆಳಗಿನ ನೆಲವನ್ನು ಭೈರಪ್ಪನವರೇ ಕೊನೆಯಲ್ಲಿ ಎಳೆದುಬಿಟ್ಟಿದ್ದಾರೆ. ನಾನು ಅಂದು ಆ ಪುಟಗಳನ್ನು ಬೇಗ ಬೇಗ ಮಗುಚಿರಬೇಕು.

ಈಗ ಓದುತ್ತಿರುವುದು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’. ಪ್ರಕಟವಾದುದು 1976ರಲ್ಲಿ. ಇಂದಿರಾ ಅವರು ನಲವತ್ತು ದಾಟಿದ ಮೇಲೆ ಬರೆಯತೊಡಗಿದವರು. ತಮ್ಮ ಬಂಧುವಾದ ಒಬ್ಬ ವೃದ್ಧೆಯ ಜೀವನವನ್ನು ತಾಯಿಯ ಬಾಯಿಂದ ಕೇಳಿ ಇದನ್ನು ಬರೆದರು. ಎಳೆತನದಲ್ಲಿ ಮದುವೆ, ಗಂಡನಾದ ಹುಡುಗ ಹಾವು ಕಚ್ಚಿ ಸಾಯುತ್ತಾನೆ, ಮುಂದೆ ನೂರು ವರ್ಷಗಳ ವೈಧವ್ಯ. ಇಂತಹ ಕಥೆಯನ್ನು ಬೇರೆಯವರು ಬರೆದಿದ್ದರೆ ಪುಟಪುಟಕ್ಕೂ ಕಣ್ಣೀರು ಸುರಿಸುತ್ತಿದ್ದರು. ಇವರು ಮಲೆನಾಡಿನ ಆ ದೊಡ್ಡ ಮನೆಯ ಅಡಿಗೆ, ಹಪ್ಪಳ, ಬಾಣಂತನಗಳ ನಡುವೆ, ಮನೆಯ ಹೆಂಗಸೊಬ್ಬಳು ಇನ್ನೊಬ್ಬಳಿಗೆ ಹೇಳುವಂತೆ ನೆಟ್ಟಗೆ ಹೇಳಿಕೊಂಡು ಹೋಗುತ್ತಾರೆ. ನಮ್ಮ ಅಲಂಕಾರಿಕರು ಕಾವ್ಯದ ಉಪದೇಶವನ್ನು ಕಾಂತಾಸಂಮಿತವೆಂದರು. ಇದಕ್ಕೆ ಅಜ್ಜಿಸಂಮಿತವೆಂಬ ಹೊಸ ವರ್ಗವನ್ನೇ ಕಲ್ಪಿಸಬಹುದು.

ಮಡಿಯ ಮುದುಕಿಯಾದ ಫಣಿಯಮ್ಮ ಅಸ್ಪೃಶ್ಯಳೆನಿಸಿಕೊಂಡ ಹೆಂಗಸೊಬ್ಬಳು ಹೆರಲಾರದೆ ನರಳುವಾಗ ಹೋಗಿ, ತನ್ನ ಸಣ್ಣ ಕೈಯಿಂದ ಮಗುವನ್ನು ಹೊರತೆಗೆದು ಬರುವ ಪ್ರಸಂಗವಿದೆ. ತಲೆಗೂದಲು ತೆಗೆಸಿಕೊಳ್ಳಲಾರೆನೆಂದು ಹಟ ಹಿಡಿದ ದಾಕ್ಷಾಯಣಿಯೆಂಬ ಎಳೆಯ ವಿಧವೆಯ ಪಕ್ಷವನ್ನು ಆಕೆ ವಹಿಸುವ ಪ್ರಸಂಗವೂ ಇದೆ. ಎರಡರಲ್ಲಿಯೂ ಆಕೆ ಯಾವ ಸ್ಮೃತಿಯನ್ನೂ ಕೇಳಲಿಲ್ಲ. ನಾನು ಇವುಗಳನ್ನು ಮುಂದಾಗಿ ಕದ್ದು ಓದಿಕೊಂಡಿದ್ದೇನೆ. ಮನೆಯವರಿಗೆ ಇನ್ನೂ ತಿಳಿಯದು, ಯಾರೂ ಹೇಳಬಾರದು.

ಇದನ್ನು ನಾನು ಓದುತ್ತಿಲ್ಲವೆಂಬುದೊಂದು ವಿಶೇಷ. ಮೊದಲನೆಯ ದಿನವೇ ಅಕ್ಕ, “ಹೆಂಗಸರ ಮಾತನ್ನೆಲ್ಲ ನೀನು ಮಂತ್ರ ಹೇಳಿದಂತೆ ಹೇಳುತ್ತೀಯ, ಇತ್ತ ಕೊಡು” ಎಂದು ಪುಸ್ತಕವನ್ನು ತೆಗೆದುಕೊಂಡಳು. ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದುತ್ತಾಳೆ. ಕೆಲವು ಕಡೆ ತಾನೇ ನಗುತ್ತಾಳೆ. ಫಣಿಯಮ್ಮನ ಜಡೆಯನ್ನು ತೆಗೆಸುವ ಭಾಗ ಬಂದಾಗ ಮಾತ್ರ ಪುಸ್ತಕವನ್ನು ಸೊಸೆಯ ಕೈಗೆ ಕೊಟ್ಟು, ಅದು ಮುಗಿದ ಮೇಲೆ ಹಿಂದಕ್ಕೆ ತೆಗೆದುಕೊಂಡಳು. ಬತ್ತಿ ಹೊಸೆಯುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ನನ್ನ ಬತ್ತಿಗಳು ನೆಟ್ಟಗೆ ಉರಿಯುವುದಿಲ್ಲವೆಂದು ಹೆಂಡತಿಯ ದೂರು.

ಇನ್ನು ಕೆಲವೇ ಪುಟಗಳು ಉಳಿದಿವೆ. ಮುಂದೆ ಯಾವುದೆಂದು ನಿನ್ನೆ ಅಕ್ಕನನ್ನು ಕೇಳಿದೆನು. ತ್ರಿವೇಣಿಯವರ ‘ಶರಪಂಜರ’ವನ್ನು ತರಬೇಕಂತೆ, ಹುಡುಗಿಯಾಗಿದ್ದಾಗ ಅರ್ಧ ಓದಿದ್ದಳಂತೆ, ಅಷ್ಟರಲ್ಲಿ ಯಾರೋ ಕಸಿದುಕೊಂಡು ಹೋದರಂತೆ. ಯಾರೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಳೆ ಬೆಳಗ್ಗೆ ಗ್ರಂಥಾಲಯಕ್ಕೆ ಹೋಗಬೇಕಾಗಿದೆ.